ಕೇಸನ್ನು ಸ್ಪೆಷಲಿಸ್ಟ್‌ಗೆ ಕಳಿಸುವುದು ಹೇಗೆ? ಜನರಲ್ ದಂತವೈದ್ಯರಿಗೊಂದು ಮಾರ್ಗದರ್ಶಿ

ಹೊಸದಾಗಿ ಪ್ರಾಕ್ಟೀಸ್ ಶುರುಮಾಡಿದ ದಂತವೈದ್ಯರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸ್ಪೆಷಲಿಸ್ಟ್ ಹತ್ತಿರ ಕಳಿಸಿದರೆ ಪೇಷಂಟ್ ವಾಪಸ್ ಬರಲ್ಲ. ಕಳಿಸದಿದ್ದರೆ ಕೇಸ್ ಕೆಡುತ್ತೆ. ಏನು ಮಾಡೋದು?" ಸ್ಪೆಷಲಿಸ್ಟ್‌ಗಳ ದೂರು ಬೇರೆ: "ಕೆಡಿಸಿ ಆದಮೇಲೆ ಕಳಿಸ್ತಾರೆ. ಎಕ್ಸ್‌ರೇ ಇಲ್ಲ, ಪತ್ರ ಇಲ್ಲ."

ಇಬ್ಬರ ಮಾತಲ್ಲೂ ನಿಜ ಇದೆ. ಆದರೆ ಬಹುಪಾಲು ಮನಸ್ತಾಪಕ್ಕೆ ಕಾರಣ ಯಾರ ಕೈಗುಣವೂ ಅಲ್ಲ. ಮುಂದಿನ ಕೆಲಸ ಯಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಕ್ಯಾಪ್ ಯಾರು ಹಾಕಬೇಕು? ರಾತ್ರಿ ಊತ ಬಂದರೆ ಯಾರಿಗೆ ಫೋನ್ ಮಾಡಬೇಕು? ಮುಂದಿನ ಎಕ್ಸ್‌ರೇ ಯಾರು ತೆಗೆಯಬೇಕು? ಇವನ್ನು ಮೊದಲೇ ತೀರ್ಮಾನ ಮಾಡಿಕೊಂಡವರ ನಡುವೆ ಜಗಳ ಕಡಿಮೆ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲು, ಯಾರು ಏನು ನೋಡುತ್ತಾರೆ

ನಿಮಗೆ ಗೊತ್ತಿದ್ದದ್ದೇ, ಆದರೆ ಪೇಷಂಟ್‌ಗೆ ವಿವರಿಸಲು ಸುಲಭದ ಮಾತು ಬೇಕಲ್ವಾ? ಎಂಡೋಡಾಂಟಿಸ್ಟ್ ಅಂದರೆ ರೂಟ್ ಕೆನಾಲ್ ತಜ್ಞರು. ಪೆರಿಯೋಡಾಂಟಿಸ್ಟ್ ವಸಡನ್ನೂ ಹಲ್ಲು ಹಿಡಿದಿರುವ ಎಲುಬನ್ನೂ ನೋಡುತ್ತಾರೆ. ಆರ್ಥೊಡಾಂಟಿಸ್ಟ್ ಹಲ್ಲಿನ ಸಾಲು ಸರಿಮಾಡುವವರು, ಜನ 'ಕ್ಲಿಪ್ ಡಾಕ್ಟರ್' ಅನ್ನುತ್ತಾರೆ. ಪ್ರಾಸ್ತೊಡಾಂಟಿಸ್ಟ್ ಕ್ಯಾಪ್, ಬ್ರಿಜ್, ಹಲ್ಲುಸೆಟ್ಟಿನವರು. ಪೀಡೊಡಾಂಟಿಸ್ಟ್ ಮಕ್ಕಳ ಹಲ್ಲು ನೋಡುತ್ತಾರೆ. ಓರಲ್ ಸರ್ಜನ್ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಓರಲ್ ಮೆಡಿಸಿನ್ ತಜ್ಞರು ಹುಣ್ಣು, ಬಿಳಿ ಮಚ್ಚೆ, ಮೂಲ ಸಿಗದ ನೋವು ಇಂಥವನ್ನು ನೋಡುತ್ತಾರೆ. ಇವರನ್ನು ನಾವು ಮರೆಯುವುದೇ ಜಾಸ್ತಿ.

ಹಂತ 1: ನಿಮ್ಮ ಗೆರೆ ಎಲ್ಲಿದೆ ಎಂದು ಮೊದಲೇ ನಿರ್ಧರಿಸಿ

ಪೇಷಂಟ್ ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗ ಮಾಡುವ ತೀರ್ಮಾನಕ್ಕಿಂತ, ಬಿಡುವಿದ್ದಾಗ ಮಾಡಿಟ್ಟುಕೊಂಡ ತೀರ್ಮಾನ ಒಳ್ಳೆಯದು. ಯಾವ ಕೇಸ್ ನಾನೇ ಮಾಡುತ್ತೇನೆ, ಯಾವುದನ್ನು ಮುಟ್ಟದೆ ಕಳಿಸುತ್ತೇನೆ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಕೇಸಿಗೂ ಮೂರು ಪ್ರಶ್ನೆ ಸಾಕು. ಇದನ್ನು ಕೊನೆಯವರೆಗೂ ಮುಗಿಸಬಲ್ಲೆನಾ? ಮಧ್ಯದಲ್ಲಿ ಎಡವಟ್ಟಾದರೆ ಇದೇ ಕುರ್ಚಿಯಲ್ಲಿ ಸರಿಪಡಿಸಬಲ್ಲೆನಾ? ಸ್ಪೆಷಲಿಸ್ಟ್ ಮಾಡಿದರೆ ಫಲಿತಾಂಶದಲ್ಲಿ ನಿಜವಾಗಿ ವ್ಯತ್ಯಾಸ ಇರುತ್ತದಾ? ಎರಡನೇ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಿ.

ರೂಟ್ ಕೆನಾಲ್‌ಗೆ ಅಮೆರಿಕನ್ ಅಸೋಸಿಯೇಷನ್ ಆಫ್ ಎಂಡೋಡಾಂಟಿಸ್ಟ್ಸ್ ಒಂದು ಕೇಸ್ ಕಷ್ಟ ಅಳೆಯುವ ಫಾರ್ಮ್ ಮಾಡಿದೆ. ಬೇರಿನ ಬಾಗು, ನಾಳ ಎಷ್ಟು ಮುಚ್ಚಿದೆ, ಬಾಯಿ ಎಷ್ಟು ತೆರೆಯುತ್ತದೆ, ಪೇಷಂಟ್‌ನ ಆರೋಗ್ಯ ಇವನ್ನೆಲ್ಲ ನೋಡಿ ಕೇಸನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಮಟ್ಟಕ್ಕೆ ಹಾಕುತ್ತದೆ. ಅದನ್ನು ಮುದ್ರಿಸಿ ಇಟ್ಟುಕೊಳ್ಳಿ. ಮೇಲಿನ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳಿ. ಅದರ ಮುಂದಿನ ಕೆನ್ನೆ ಬದಿಯ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಎರಡನೇ ನಾಳ ಇರುತ್ತದೆ. ನಾವು 'ಎಂಬಿ2' ಅನ್ನುವುದು ಅದಕ್ಕೇ. ದೊಡ್ಡದಾಗಿ ತೋರಿಸುವ ಲೂಪ್ ಅಥವಾ ಮೈಕ್ರೋಸ್ಕೋಪ್ ಇಲ್ಲದೆ ಅದು ತಪ್ಪಿಹೋಗುವುದು ಸಾಮಾನ್ಯ. ಕೆಳಗಿನ ಬುದ್ಧಿ ಹಲ್ಲಾದರೆ ಎಕ್ಸ್‌ರೇಯಲ್ಲಿ ಮೂರು ಗುರುತು ಹುಡುಕಿ: ನರದ ಕಾಲುವೆ ಹಾದುಹೋಗುವಲ್ಲಿ ಬೇರು ಕಪ್ಪಾಗಿ ಕಾಣುವುದು, ಕಾಲುವೆಯ ಬಿಳಿ ಗೆರೆ ತುಂಡಾಗುವುದು, ಕಾಲುವೆ ದಾರಿ ಬದಲಿಸುವುದು. ಒಂದು ಕಂಡರೂ ಸರ್ಜನ್‌ಗೆ ಬಿಡಿ.

ಎಲ್ಲರೂ ಬೀಳುವ ಹಳ್ಳ ಎಂದರೆ 'ಸ್ವಲ್ಪ ಪ್ರಯತ್ನಿಸಿ ನೋಡೋಣ' ಎಂಬುದು. ಮುಟ್ಟದ ಹಲ್ಲು ಸ್ಪೆಷಲಿಸ್ಟ್‌ಗೆ ಸುಲಭ. ನಾಳ ಕೆರೆದು ಶುಚಿ ಮಾಡುವ ಸೂಜಿಯಂಥ ಉಪಕರಣ, ಅಂದರೆ ಫೈಲ್, ನಾಳದ ಗೋಡೆಯಲ್ಲಿ ಮೆಟ್ಟಿಲು ಕೊರೆದ ಮೇಲೆ (ಇದಕ್ಕೆ ಲೆಡ್ಜ್ ಅನ್ನುತ್ತೇವೆ) ಅದೇ ಹಲ್ಲು ಅವರಿಗೂ ಕಷ್ಟ. ಪೇಷಂಟ್ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ, ಸಿಟ್ಟು ನಿಮ್ಮ ಮೇಲೆ.

ಕೆಲವು ಕೇಸಿನಲ್ಲಿ ಗೆರೆ ನಿಮ್ಮ ಅನುಭವದ ಮೇಲೆ ನಿಂತಿಲ್ಲ. ಇವು ಎಲ್ಲರಿಗೂ ಒಂದೇ:

- ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣ ತಿಳಿಯದ ಕೆಂಪು ಅಥವಾ ಬಿಳಿ ಮಚ್ಚೆ. ಮುಲಾಮು ಬದಲಿಸುತ್ತಾ ಕೂರಬೇಡಿ, ಕಳಿಸಿ. ಕ್ಯಾನ್ಸರ್ ಅನುಮಾನ ಇದ್ದರೆ ನೀವೇ ಕತ್ತರಿಸಿ ತೆಗೆಯಬೇಡಿ. ಮುಂದೆ ನೋಡುವವರಿಗೆ ಅದರ ಅಂಚು ಎಲ್ಲಿತ್ತೆಂದು ತಿಳಿಯುವುದಿಲ್ಲ.
- ನಾಲಿಗೆಯ ಅಡಿ ಊದಿದೆ, ಬಾಯಿ ತೆರೆಯಲಾಗುತ್ತಿಲ್ಲ, ನುಂಗಲು ಅಥವಾ ಉಸಿರಾಡಲು ಕಷ್ಟ. ಇದಕ್ಕೆ ನಾಳೆಯ ಅಪಾಯಿಂಟ್‌ಮೆಂಟ್ ಅಲ್ಲ, ಈಗಲೇ ಆಸ್ಪತ್ರೆ.
- ಎಲುಬು ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಬಿಸ್‌ಫಾಸ್ಫೊನೇಟ್, ಡೆನೊಸುಮಾಬ್ ಮುಂತಾದ ಔಷಧಿ ತೆಗೆದುಕೊಳ್ಳುವವರು. ಹಲ್ಲು ಕಿತ್ತ ಮೇಲೆ ದವಡೆಯ ಎಲುಬು ಸತ್ತು ಹೊರಗೆ ಕಾಣುವ ಅಪಾಯ ಇದೆ. ಕೀಳುವ ಮೊದಲು ಸರ್ಜನ್ ಜೊತೆ, ಔಷಧಿ ಬರೆದ ವೈದ್ಯರ ಜೊತೆ ಮಾತಾಡಿ.

ಇದಕ್ಕೆ ತದ್ವಿರುದ್ಧ ಒಂದಿದೆ. ಏಟು ಬಿದ್ದು ಪೂರ್ತಿ ಕಿತ್ತುಬಂದ ಶಾಶ್ವತ ಹಲ್ಲು. ಇದನ್ನು ಕಳಿಸಲೇಬೇಡಿ, ನೀವೇ ಕೂರಿಸಿ. ಒಣಗಿದ ಹಲ್ಲಿನ ಬೇರಿಗೆ ಅಂಟಿರುವ ಜೀವಕೋಶಗಳು ಸುಮಾರು 60 ನಿಮಿಷದೊಳಗೆ ಸಾಯುತ್ತವೆ. ತಜ್ಞರನ್ನು ಹುಡುಕುತ್ತಾ ಕೂತರೆ ಆ ಹೊತ್ತು ಕಳೆದೇಹೋಗುತ್ತದೆ. ಬೇರು ಮುಟ್ಟದೆ ಹಿಡಿದು, ಮೆಲ್ಲಗೆ ತೊಳೆದು, ಕೂರಿಸಿ, ಬಳುಕುವ ತಂತಿಯಿಂದ ಪಕ್ಕದ ಹಲ್ಲಿಗೆ ಅಂಟಿಸಿ. ಆಮೇಲೆ ಎಂಡೋಡಾಂಟಿಸ್ಟ್‌ಗೆ ಫೋನ್ ಮಾಡಿ. ಹಾಲು ಹಲ್ಲನ್ನು ಮಾತ್ರ ಮತ್ತೆ ಕೂರಿಸುವುದಿಲ್ಲ, ಕೆಳಗಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ಹಂತ 2: ಸ್ಪೆಷಲಿಸ್ಟನ್ನು ಆರಿಸಿಕೊಳ್ಳಿ

ಡಿಗ್ರಿ ಎಲ್ಲರಿಗೂ ಇರುತ್ತದೆ. ನೀವು ನೋಡಬೇಕಾದ್ದು ಬೇರೆ. ಪತ್ರಕ್ಕೆ ಉತ್ತರ ಬರೆಯುತ್ತಾರಾ? ಕೆಲಸ ಮುಗಿದ ಮೇಲಿನ ಎಕ್ಸ್‌ರೇ ಕಳಿಸುತ್ತಾರಾ? ರೂಟ್ ಕೆನಾಲ್ ಮಾಡುವಾಗ ರಬ್ಬರ್ ಡ್ಯಾಮ್ ಹಾಕುತ್ತಾರಾ? ಅದು ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ. ನೋವಿರುವವರನ್ನು ಎಷ್ಟು ಬೇಗ ನೋಡುತ್ತಾರೆ? ಎಲ್ಲಕ್ಕಿಂತ ಮುಖ್ಯ, 'ಈ ಹಲ್ಲು ಉಳಿಯಲ್ಲ' ಎಂದು ವಾಪಸ್ ಕಳಿಸುವ ಧೈರ್ಯ ಇದೆಯಾ? ನೀವು ಕಳಿಸಿದ್ದನ್ನೆಲ್ಲ ಸುಮ್ನೆ ಮಾಡಿಕೊಡುವ ಸ್ಪೆಷಲಿಸ್ಟ್ ನಿಮಗೆ ಹಿತವಾಗಿ ಕಂಡರೂ ಪೇಷಂಟ್‌ಗೆ ಒಳ್ಳೆಯವರಲ್ಲ.

ಒಂದೊಂದು ವಿಭಾಗಕ್ಕೆ ಇಬ್ಬರನ್ನಾದರೂ ಇಟ್ಟುಕೊಳ್ಳಿ. ಒಬ್ಬರು ರಜೆಯಲ್ಲಿರುತ್ತಾರೆ, ಒಬ್ಬರ ಶುಲ್ಕ ಪೇಷಂಟ್‌ಗೆ ಎಟಕುವುದಿಲ್ಲ.

ಈಗ ಯಾರೂ ಜೋರಾಗಿ ಮಾತಾಡದ ವಿಷಯ: ಕಮಿಷನ್. ಕೇಸ್ ಕಳಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಬೇಡಿ. ನಿಮಗೆ ಬರುವ ಕೇಸಿಗೆ ಕೊಡಲೂ ಬೇಡಿ. ವೃತ್ತಿಯ ನೀತಿ ಸಂಹಿತೆಗಳು ಇದನ್ನು ತಪ್ಪು ಎಂದೇ ಹೇಳುತ್ತವೆ. ಸಂಹಿತೆ ಪಕ್ಕಕ್ಕಿಡಿ, ಲೆಕ್ಕವನ್ನೇ ನೋಡಿ. ಆ ದುಡ್ಡು ಕೊನೆಗೆ ಪೇಷಂಟ್ ಬಿಲ್ಲಿನಲ್ಲೇ ಸೇರುತ್ತದೆ. ಒಮ್ಮೆ ಶುರುವಾದರೆ ನೀವು ಆರಿಸುವುದು ಒಳ್ಳೆಯ ಕೈಯನ್ನಲ್ಲ, ದೊಡ್ಡ ಕವರನ್ನು. ಅವರ ಕೆಲಸ ಚೆನ್ನಾಗಿಲ್ಲ ಎಂದು ಗೊತ್ತಾದ ದಿನ ಹೇಳಲು ನಿಮಗೆ ಬಾಯಿಯೂ ಇರುವುದಿಲ್ಲ.

ಹಂತ 3: ಮೊದಲ ಕೇಸ್ ಕಳಿಸುವ ಮೊದಲೇ ಒಂದು ಮಾತುಕತೆ

ಈ ಹಂತವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಆಮೇಲಿನ ತೊಂದರೆಯೆಲ್ಲ ಇಲ್ಲಿಂದಲೇ ಬರುತ್ತದೆ. ಅರ್ಧ ಗಂಟೆ ಕೂತು ಇವಿಷ್ಟನ್ನು ಕೇಳಿ, ಉತ್ತರವನ್ನು ಇಬ್ಬರೂ ಬರೆದಿಟ್ಟುಕೊಳ್ಳಿ.

*ಮೇಲಿನ ಕಟ್ಟಡ ಯಾರದು?* ರೂಟ್ ಕೆನಾಲ್ ಆದಮೇಲೆ ಒಳಗಿನ ಗಟ್ಟಿ ಫಿಲ್ಲಿಂಗ್ (ಕೋರ್) ಎಂಡೋಡಾಂಟಿಸ್ಟ್ ಹಾಕುತ್ತಾರಾ, ತಾತ್ಕಾಲಿಕ ಫಿಲ್ಲಿಂಗ್ ಮಾತ್ರವಾ? ಅವರೇ ಕೋರ್ ಹಾಕಿ ಕಳಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಡ್ಯಾಮ್ ಇರುವಾಗಲೇ ಮುಚ್ಚಿದರೆ ಎಂಜಲು ಒಳಗೆ ಇಳಿಯುವ ಅವಕಾಶ ಕಡಿಮೆ. ಕ್ಯಾಪ್ ನಿಮ್ಮದು. ಇದನ್ನು ಮೊದಲೇ ಹೇಳದಿದ್ದರೆ ಇಬ್ಬರೂ 'ಅವರು ಹಾಕಿರ್ತಾರೆ' ಎಂದುಕೊಳ್ಳುತ್ತಾರೆ, ಹಲ್ಲು ಸೀಳುತ್ತದೆ.

*ಬೇರೆ ತೊಂದರೆ ಕಂಡರೆ?* ನೀವು ಒಂದು ಹಲ್ಲಿಗೆ ಕಳಿಸಿದಿರಿ, ಅವರಿಗೆ ಪಕ್ಕದಲ್ಲಿ ಹುಳುಕು ಕಂಡಿತು. ಪೇಷಂಟ್‌ಗೆ ಹೇಳಲೇಬೇಕು. ಮಾಡುವುದು ಯಾರು? ನಿಮಗೆ ತಿಳಿಸಿ ವಾಪಸ್ ಕಳಿಸುವುದು ವಾಡಿಕೆ. ಪೇಷಂಟ್ 'ಇಲ್ಲೇ ಮಾಡಿಸ್ತೀನಿ' ಎಂದು ಹಟ ಹಿಡಿದರೆ ಏನು ಮಾಡಬೇಕು ಎಂಬುದನ್ನೂ ಮಾತಾಡಿ. ಪೇಷಂಟ್ ಯಾರ ಆಸ್ತಿಯೂ ಅಲ್ಲ, ಆರಿಸುವ ಹಕ್ಕು ಅವರದೇ. ನಿಮಗೊಂದು ಫೋನ್ ಬರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

*ಅವರು ಮತ್ತೊಬ್ಬರಿಗೆ ಕಳಿಸಬೇಕಾದರೆ?* ನಿಮಗೆ ತಿಳಿಸಿಯೇ ಕಳಿಸಲಿ.

*ರಾತ್ರಿ ನೋವು ಬಂದರೆ?* ಯಾರ ನಂಬರ್ ಕೊಡಬೇಕು ಎಂದು ನಿರ್ಧರಿಸಿ. ಎರಡೂ ಕಡೆ ಫೋನ್ ಎತ್ತದಿದ್ದರೆ ಪೇಷಂಟ್ ಮೂರನೆಯವರ ಹತ್ತಿರ ಹೋಗುತ್ತಾರೆ.

*ಇಂಪ್ಲಾಂಟ್ ಆದರೆ?* ಸರ್ಜನ್ ಎಲುಬು ಸಿಕ್ಕ ಕಡೆ ಸ್ಕ್ರೂ ಇಟ್ಟು ಕಳಿಸಿದರೆ, ಮೇಲೆ ಹಲ್ಲು ಕೂರಿಸುವವರ ಪಾಡು ಕೇಳಬೇಡಿ. ಹಲ್ಲು ಎಲ್ಲಿ ಬರಬೇಕು ಎಂಬುದನ್ನು ಹಲ್ಲು ಕೂರಿಸುವವರು ಮೊದಲು ತೀರ್ಮಾನಿಸಬೇಕು. ಅದರಂತೆ ಸರ್ಜಿಕಲ್ ಗೈಡ್, ಅಂದರೆ ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು, ತಯಾರಾಗಬೇಕು. ಪಕ್ಕದ ಹಲ್ಲಿನಿಂದ ಕನಿಷ್ಠ 1.5 ಮಿಮೀ, ಎರಡು ಇಂಪ್ಲಾಂಟ್ ನಡುವೆ 3 ಮಿಮೀ ಎಲುಬು ಉಳಿಯಬೇಕು. ಯಾವ ಕಂಪನಿಯ ಯಾವ ಅಳತೆಯ ಇಂಪ್ಲಾಂಟ್ ಎಂಬುದು ನಿಮ್ಮ ಫೈಲಿನಲ್ಲೂ ಇರಬೇಕು. ವರ್ಷಗಟ್ಟಲೆ ಆದಮೇಲೆ ಸ್ಕ್ರೂ ಸಡಿಲವಾದಾಗ ಅದು ಬೇಕಾಗುತ್ತದೆ.

ಹಂತ 4: ಹಲ್ಲು ನಿಲ್ಲುತ್ತದಾ ಎಂದು ನೋಡಿ ಕಳಿಸಿ

ಸಣ್ಣ ಹಂತ, ಆದರೆ ಬಿಡಬೇಡಿ. ಹುಳುಕು ಪೂರ್ತಿ ತೆಗೆದ ಮೇಲೆ ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಮೀ ಗಟ್ಟಿ ಹಲ್ಲು ಉಳಿಯುತ್ತದಾ? ಇದಕ್ಕೆ ಫೆರುಲ್ ಅನ್ನುತ್ತಾರೆ, ಕ್ಯಾಪ್ ಹಿಡಿಯುವ ಪಟ್ಟಿ ಇದೇ. ವಸಡಿನ ಪಾಕೆಟ್ ಅಳೆದಿದ್ದೀರಾ? ಅಂದರೆ ವಸಡು ಮತ್ತು ಹಲ್ಲಿನ ನಡುವಿನ ಆಳ. ಬಿರುಕು ಇದೆಯಾ? ಇವನ್ನು ನೋಡದೆ ಕಳಿಸಿದರೆ, ಸೊಗಸಾದ ರೂಟ್ ಕೆನಾಲ್ ಆದ, ಕ್ಯಾಪ್ ನಿಲ್ಲದ ಹಲ್ಲೊಂದು ನಿಮಗೆ ವಾಪಸ್ ಬರುತ್ತದೆ. ಬಿಲ್ ಕಟ್ಟಿದ ಪೇಷಂಟ್‌ಗೆ 'ಇದನ್ನು ಕೀಳಬೇಕು' ಎಂದು ಹೇಳುವ ಸರದಿ ನಿಮ್ಮದಾಗುತ್ತದೆ.

ಹಂತ 5: ಪೇಷಂಟ್‌ಗೆ ಹೇಳುವ ರೀತಿ

ಚೀಟಿ ಕೈಗಿಟ್ಟು 'ಇಲ್ಲಿಗೆ ಹೋಗಿ' ಎಂದರೆ ಅರ್ಧ ಜನ ಹೋಗುವುದಿಲ್ಲ, ಹೋದವರೂ ಅನುಮಾನದಿಂದಲೇ ಹೋಗುತ್ತಾರೆ. ಯಾಕೆ ಕಳಿಸುತ್ತಿದ್ದೀರಿ, ಹೋಗದಿದ್ದರೆ ಏನಾಗಬಹುದು, ಮುಗಿದ ಮೇಲೆ ನಿಮ್ಮ ಬಳಿ ಯಾವ ಕೆಲಸಕ್ಕೆ ಬರಬೇಕು ಎಂಬ ಮೂರನ್ನೂ ಹೇಳಿ. "ಈ ಬೇರು ಜಾಸ್ತಿ ಬಾಗಿದೆ. ಇಂಥದ್ದನ್ನೇ ದಿನಾ ಮಾಡುವವರು ಮಾಡಿದರೆ ಉಳಿಯುವ ಸಾಧ್ಯತೆ ಹೆಚ್ಚು. ಮುಗಿಸಿಕೊಂಡು ಬನ್ನಿ, ಕ್ಯಾಪ್ ನಾನು ಹಾಕುತ್ತೇನೆ." ಇಷ್ಟು ಸಾಕು. ಪೇಷಂಟ್ ವಾಪಸ್ ಬರುವುದಿಲ್ಲ ಎಂಬ ನಿಮ್ಮ ಭಯಕ್ಕೂ ಈ ಕೊನೆಯ ವಾಕ್ಯವೇ ಮದ್ದು.

ಎರಡು ಮಾತು ಆಡಬೇಡಿ. ಒಂದು, ಸ್ಪೆಷಲಿಸ್ಟ್‌ನ ಶುಲ್ಕ. ನೀವು ಹೇಳಿದ್ದಕ್ಕಿಂತ ಹೆಚ್ಚಾದರೆ ಅವರು ಸುಲಿಗೆಕೋರರಾಗುತ್ತಾರೆ. ಇನ್ನೊಂದು, ಚಿಕಿತ್ಸೆಯ ತೀರ್ಪು. 'ಅವರು ಆಪರೇಷನ್ ಮಾಡ್ತಾರೆ' ಅನ್ನಬೇಡಿ, 'ನೋಡಿ ಏನು ಬೇಕೋ ಹೇಳುತ್ತಾರೆ' ಅನ್ನಿ. ಅವರು ಬೇರೆ ಹೇಳಿದರೆ ಇಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗುವುದು ತಪ್ಪುತ್ತದೆ. ಪೇಷಂಟ್ ಹೋಗಲು ಒಪ್ಪದಿದ್ದರೆ, ನೀವು ಏನು ವಿವರಿಸಿದಿರಿ ಎಂಬುದನ್ನು ದಿನಾಂಕ ಸಮೇತ ಕೇಸ್ ಶೀಟಿನಲ್ಲಿ ಬರೆಯಿರಿ.

ಹಂತ 6: ಪತ್ರ

ಉದ್ದ ಬೇಡ. ಒಂದು ಮಾದರಿ:

"46 ವರ್ಷದ ಮಹಿಳೆ. ಹಲ್ಲು 36, ಕೆಳಗಿನ ಎಡಬದಿಯ ಮೊದಲ ದವಡೆ ಹಲ್ಲು. ಹತ್ತು ದಿನದಿಂದ ಕಚ್ಚಿದರೆ ನೋವು. ತಣ್ಣನೆಯದಕ್ಕೆ ಸ್ಪಂದನೆ ಇಲ್ಲ. ಪಾಕೆಟ್ ಸುತ್ತಲೂ 3 ಮಿಮೀ ಒಳಗೆ. ಎಕ್ಸ್‌ರೇಯಲ್ಲಿ ಹಿಂದಿನ ಬೇರಿನ ತುದಿಯಲ್ಲಿ ಕಪ್ಪು ನೆರಳು, ನಾಳ ಕಿರಿದಾಗಿದೆ. ನಾನು ಹಲ್ಲು ತೆರೆದಿಲ್ಲ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಪೆನಿಸಿಲಿನ್ ಅಲರ್ಜಿ. ಕೋರಿಕೆ: ಪರೀಕ್ಷಿಸಿ, ಸೂಕ್ತವಾದರೆ ರೂಟ್ ಕೆನಾಲ್ ಮತ್ತು ಕೋರ್. ಕ್ಯಾಪ್ ನಾನು ಹಾಕುತ್ತೇನೆ."

ಕೊನೆಯ ಎರಡು ಸಾಲು ಇಲ್ಲದ ಪತ್ರ ಅರ್ಧ ಪತ್ರ. 'ಪ್ಲೀಸ್ ಡು ದಿ ನೀಡ್‌ಫುಲ್' ಎಂದು ಬರೆದರೆ ಏನು ಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಹಲ್ಲಿನ ನಂಬರ್ ಬಗ್ಗೆ ಬಹಳ ಎಚ್ಚರ ಬೇಕು. ಎಫ್‌ಡಿಐ ಪದ್ಧತಿಯಲ್ಲಿ (ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ, ಎರಡನೆಯದು ಅಲ್ಲಿ ಎಷ್ಟನೇ ಹಲ್ಲು) 14 ಎಂದರೆ ಮೇಲಿನ ಬಲಬದಿಯ ಮೊದಲ ಪ್ರಿಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನದು. ಅಮೆರಿಕದಲ್ಲಿ ಬಳಸುವ ಯುನಿವರ್ಸಲ್ ಪದ್ಧತಿಯಲ್ಲಿ ಅದೇ 14 ಎಂದರೆ ಮೇಲಿನ ಎಡಬದಿಯ ಮೊದಲ ದವಡೆ ಹಲ್ಲು! ಆರ್ಥೊಡಾಂಟಿಸ್ಟ್‌ಗಳು ಜಾಗ ಮಾಡಲು ಕೀಳಿಸುವ ಹಲ್ಲುಗಳಲ್ಲಿ ಈ ಮೊದಲ ಪ್ರಿಮೋಲಾರ್ ತೀರಾ ಸಾಮಾನ್ಯ. ಹಾಗಾಗಿ ನಂಬರಿನ ಜೊತೆ ಹಲ್ಲಿನ ಹೆಸರನ್ನು ಪದದಲ್ಲೂ ಬರೆಯಿರಿ. ನಿಮಗೆ ಕೀಳಲು ಪತ್ರ ಬಂದಾಗ ಎರಡೂ ಹೊಂದದಿದ್ದರೆ ಫೋರ್ಸೆಪ್ಸ್ ಕೆಳಗಿಟ್ಟು ಫೋನ್ ಎತ್ತಿ. ಕಿತ್ತ ಹಲ್ಲಿಗೆ ಕ್ಷಮೆ ಕೇಳಿ ಪ್ರಯೋಜನವಿಲ್ಲ.

ಎಕ್ಸ್‌ರೇಗೆ ದಿನಾಂಕ ಇರಲಿ, ಬೇರಿನ ತುದಿ ಮತ್ತು ಅದರಾಚೆಯ ಎಲುಬು ಪೂರ್ತಿ ಕಾಣಲಿ. ಮೊಬೈಲಿನ ಮೆಸೇಜ್ ಆಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಫೈಲ್ ಆಗಿ ಕಳಿಸಿ. ಸಿಬಿಸಿಟಿ, ಅಂದರೆ ಮೂರು ಆಯಾಮದ ಸ್ಕ್ಯಾನ್, ಇದ್ದರೆ ಸ್ಕ್ರೀನ್‌ಶಾಟ್ ಸಾಲದು. ಡೈಕಾಮ್ ಫೈಲನ್ನೇ, ಅಂದರೆ ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲನ್ನೇ ಕೊಡಿ. ಇಲ್ಲದಿದ್ದರೆ ಅವರು ಮತ್ತೆ ತೆಗೆಸುತ್ತಾರೆ, ಪೇಷಂಟ್‌ಗೆ ಮತ್ತೆ ವಿಕಿರಣ, ಮತ್ತೆ ಖರ್ಚು. ಪೇಷಂಟ್‌ನ ಮಾಹಿತಿಯನ್ನು ಹತ್ತಾರು ಜನರಿರುವ ಗುಂಪಿಗೆ ಮಾತ್ರ ಹಾಕಬೇಡಿ.

ಹಂತ 7: ಸ್ಪೆಷಲಿಸ್ಟ್ ನಿಮ್ಮ ಕ್ಲಿನಿಕ್ಕಿಗೇ ಬರುವುದಾದರೆ

ಹೆಚ್ಚು ಗೊಂದಲ ಇರುವುದು ಇಲ್ಲೇ. ಸ್ಪೆಷಲಿಸ್ಟ್ ಬಂದು, ಮಾಡಿ, ಹೊರಟರು. ಪೇಷಂಟ್‌ಗೆ ಅವರ ಹೆಸರೂ ಗೊತ್ತಿಲ್ಲ. ಮೂರು ದಿನದ ಮೇಲೆ ಊತ ಬಂದರೆ ಎದುರಿಗೆ ನಿಲ್ಲುವವರು ನೀವು.

ಅದಕ್ಕೆ ಚಿಕಿತ್ಸೆಯ ದಿನಕ್ಕಿಂತ ಮೊದಲೇ ಎಕ್ಸ್‌ರೇ ಕಳಿಸಿ, ಅವರು ನೋಡಿ ಒಪ್ಪಿದ ಮೇಲೆ ಸಮಯ ಕೊಡಿ. ಕೆಲಸ ಶುರುವಾಗುವ ಮೊದಲು ಅವರೇ ಪೇಷಂಟ್ ಜೊತೆ ಮಾತಾಡಲಿ, ಒಪ್ಪಿಗೆ ಪತ್ರದಲ್ಲಿ ಅವರ ಹೆಸರಿರಲಿ. ಏನು ಮಾಡಿದರು ಎಂಬ ಟಿಪ್ಪಣಿಯನ್ನು ಹೊರಡುವ ಮೊದಲೇ ಬರೆದು ಸಹಿ ಹಾಕಲಿ. 'ಆಮೇಲೆ ಕಳಿಸ್ತೀನಿ' ಅಂದದ್ದು ಬರುವುದಿಲ್ಲ. ಉಪಕರಣ ಯಾರದು, ಅದನ್ನು ಸ್ಟೆರಿಲೈಸ್ ಮಾಡುವವರು ಯಾರು ಎಂಬುದು ಸ್ಪಷ್ಟವಾಗಿರಲಿ. ಬ್ಯಾಗಿನಲ್ಲಿ ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಓಡಾಡುವ ಫೈಲುಗಳನ್ನು ನಿಮ್ಮ ಆಟೊಕ್ಲೇವಿಗೆ (ಹಬೆಯಿಂದ ಸ್ಟೆರಿಲೈಸ್ ಮಾಡುವ ಯಂತ್ರ) ಹಾಕದೆ ಬಳಸಲು ಬಿಡಬೇಡಿ, ಎಷ್ಟೇ ಸಂಕೋಚವಾದರೂ. ಮತ್ತೆ ನೋಡಬೇಕಾದರೆ ಎಷ್ಟು ದಿನದಲ್ಲಿ ಬರುತ್ತಾರೆ, ಅದಕ್ಕೆ ಶುಲ್ಕ ಇದೆಯಾ ಎಂಬುದನ್ನೂ ಕೇಳಿಡಿ.

ಇನ್ನೊಂದು ಮಾತು. ದಿನಕ್ಕೆ ಆರು ಕೇಸ್ ಒಟ್ಟು ಮಾಡಿ ಕರೆಸುವ ಆಸೆ ಬೇಡ. ಕೊನೆಯ ಪೇಷಂಟ್‌ಗೆ ಸಿಗುವುದು ದಣಿದ ಕೈ.

ಹಂತ 8: ವಾಪಸ್ ಬಂದ ಮೇಲೆ

ರೂಟ್ ಕೆನಾಲ್ ಆದ ಹಲ್ಲನ್ನು ತಾತ್ಕಾಲಿಕ ಫಿಲ್ಲಿಂಗಿನ ಮೇಲೆ ತಿಂಗಳುಗಟ್ಟಲೆ ಬಿಡಬೇಡಿ. ಅದು ಸವೆದರೆ ಎಂಜಲಿನ ಬ್ಯಾಕ್ಟೀರಿಯಾ ಮತ್ತೆ ಒಳಗಿಳಿಯುತ್ತದೆ, ಆಗಿರುವ ಕೆಲಸ ವ್ಯರ್ಥ. ತಾತ್ಕಾಲಿಕ ಫಿಲ್ಲಿಂಗ್ ಇರುವಷ್ಟು ದಿನವೂ ಅದರ ದಪ್ಪ ಕನಿಷ್ಠ 3.5 ಮಿಮೀ ಇರಬೇಕು. ಹಿಂದಿನ ಹಲ್ಲಾದರೆ ಕ್ಯಾಪಿಗೆ ಕೂಡಲೇ ದಿನ ಗೊತ್ತುಮಾಡಿ.

ವಸಡಿನ ಪೇಷಂಟ್‌ಗಳಿಗೆ ಮೂರು ತಿಂಗಳಿಗೊಮ್ಮೆ ಶುಚಿ ಬೇಕಾದರೆ, ಒಂದು ಸಲ ನೀವು, ಒಂದು ಸಲ ಪೆರಿಯೋಡಾಂಟಿಸ್ಟ್ ಎಂದು ಹಂಚಿಕೊಳ್ಳಬಹುದು. ಪಾಕೆಟ್ ಅಳತೆಗಳನ್ನು ಪ್ರತಿ ಸಲವೂ ಒಬ್ಬರಿಗೊಬ್ಬರು ಕಳಿಸಿ. ಕ್ಲಿಪ್ ಹಾಕಿಸಿಕೊಂಡ ಮಕ್ಕಳ ಹುಳುಕು ನೋಡುವ ಕೆಲಸ ನಿಮ್ಮದೇ. ಆರ್ಥೊಡಾಂಟಿಸ್ಟ್ ತಿಂಗಳು ತಿಂಗಳು ನೋಡುತ್ತಾರೆ ಎಂದು ಸುಮ್ಮನಿರಬೇಡಿ. ಹಲ್ಲಿಗೆ ಅಂಟಿಸಿದ ಕ್ಲಿಪ್ಪಿನ ಗುಂಡಿ, ಅಂದರೆ ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಕಲೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಅವರಿಗೆ ತಿಳಿಸಿ.

ಹಂತ 9: ಎಡವಟ್ಟಾದಾಗ

ಫೈಲ್ ಮುರಿಯಿತು, ಅಥವಾ ಬೇರಿನ ಪಕ್ಕಕ್ಕೆ ತೂತಾಯಿತು ಎಂದುಕೊಳ್ಳಿ. ಪೇಷಂಟ್‌ಗೆ ನೀವೇ ಹೇಳಿ, ಆಮೇಲೆ ಕಳಿಸಿ, ಪತ್ರದಲ್ಲೂ ಬರೆಯಿರಿ. ಸ್ಪೆಷಲಿಸ್ಟ್ ಬಾಯಿಂದ ಅವರಿಗೆ ಮೊದಲು ತಿಳಿದರೆ ನಂಬಿಕೆ ಹೋದಂತೆಯೇ. ತೂತಾದರೆ ಮಾತ್ರ ಕಾಯಬೇಡಿ. ಬೇಗ ಮುಚ್ಚಿದಷ್ಟೂ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು.

ಇದನ್ನು ಓದುತ್ತಿರುವ ಸ್ಪೆಷಲಿಸ್ಟ್‌ಗಳಿಗೂ ಒಂದು ಕೋರಿಕೆ. 'ಇದನ್ನು ಯಾರು ಮಾಡಿದ್ದು?' ಎಂದು ಪೇಷಂಟ್ ಮುಂದೆ ಹುಬ್ಬೇರಿಸಬೇಡಿ. ಆ ದಿನ ಬಾಯಿ ಎಷ್ಟು ತೆರೆದಿತ್ತು, ಪೇಷಂಟ್ ಮಧ್ಯದಲ್ಲಿ ಬಿಟ್ಟುಹೋಗಿದ್ದರಾ, ನಿಮಗೆ ಗೊತ್ತಿಲ್ಲ. ಹಾಗಂತ ಮುಚ್ಚಿಡುವುದೂ ಬೇಡ. ಕಂಡದ್ದನ್ನು ಕಂಡಂತೆ ಹೇಳಿ: "ಒಂದು ನಾಳ ತುಂಬದೆ ಉಳಿದಿದೆ, ಅದಕ್ಕೆ ಮತ್ತೆ ಮಾಡಬೇಕು." ಮೊದಲು ಮಾಡಿದವರಿಗೆ ಅದೇ ದಿನ ಫೋನ್ ಮಾಡಿ. ಒಬ್ಬರಿಂದಲೇ ಅದೇ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ನೇರವಾಗಿ ಕೂತು ಮಾತಾಡಿ. ಸುಮ್ಮನೆ ಸರಿಪಡಿಸಿ ಕಳಿಸುತ್ತಾ ಹೋದರೆ ಮುಂದಿನ ಪೇಷಂಟ್‌ಗೂ ಅದೇ ಆಗುತ್ತದೆ.

ಸ್ಪೆಷಲಿಸ್ಟ್ ಸಲಹೆ ನಿಮಗೆ ಒಪ್ಪಿಗೆಯಾಗದಿದ್ದರೆ ಅವರಿಗೇ ಮೊದಲು ಹೇಳಿ. ಇಬ್ಬರೂ ಒಂದೇ ಎಕ್ಸ್‌ರೇ ನೋಡುತ್ತಾ ಮಾತಾಡಿದರೆ ಹೆಚ್ಚಿನ ಭಿನ್ನಾಭಿಪ್ರಾಯ ಅಲ್ಲೇ ಕರಗುತ್ತದೆ. ಕರಗದಿದ್ದರೆ ಎರಡೂ ಆಯ್ಕೆಗಳನ್ನು ಪೇಷಂಟ್ ಮುಂದೆ ಇಡಿ, ಮೂರನೇ ಅಭಿಪ್ರಾಯಕ್ಕೆ ದಾರಿ ತೋರಿಸಿ.

ಹಂತ 10: ಕಳಿಸಿದವರ ಪಟ್ಟಿ

ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್ ಸಾಕು. ಕಳಿಸಿದ ದಿನ, ಯಾರಿಗೆ, ಯಾಕೆ, ಹೋದರಾ, ಪತ್ರ ಬಂತಾ, ಮುಂದಿನ ಕೆಲಸ ಯಾರದು ಎಂಬ ಆರು ಕಾಲಂ ಇರಲಿ. ವಾರಕ್ಕೊಮ್ಮೆ ರಿಸೆಪ್ಷನ್‌ನವರ ಜೊತೆ ಕೂತು ಖಾಲಿ ಇರುವ ಕಾಲಂಗಳನ್ನು ನೋಡಿ, ಫೋನ್ ಮಾಡಿಸಿ. ಹುಣ್ಣು, ಮಚ್ಚೆ, ಬಯಾಪ್ಸಿ ಕಾರಣಕ್ಕೆ ಕಳಿಸಿದವರ ಹೆಸರಿಗೆ ಕೆಂಪು ಗುರುತು ಹಾಕಿ. ಅವರಿಗೆ ವಾರ ತುಂಬುವವರೆಗೆ ಕಾಯಬೇಡಿ. ಎರಡು ಮೂರು ದಿನದಲ್ಲಿ ನೀವೇ ಫೋನ್ ಮಾಡಿ ಹೋದರಾ ಎಂದು ಕೇಳಿ. ಹೋಗಿಲ್ಲ ಅಂದರೆ ಅಲ್ಲೇ ಸ್ಪೆಷಲಿಸ್ಟ್ ಜೊತೆ ಮಾತಾಡಿ ಸಮಯ ಗೊತ್ತುಮಾಡಿ ಕೊಡಿ.